ಮೂರು ದಿನದ ಟ್ರೈನಿಂಗ್, ಒಂದು ಸ್ಕ್ಯಾನ್

"ಡಾಕ್ಟರಮ್ಮಾ, ನಮ್ಮ ಸೊಸಿಗೆ ರೋಜಾ ಐತೆ, ನೀರು ಕುಡಿಯಂಗಿಲ್ಲ. ಸಂಜಿಕೆ ರೋಜಾ ಬಿಟ್ಟ ಮ್ಯಾಲೆ ಹೊಟ್ಟೆ ತುಂಬ ನೀರು ಕುಡಿಸಿ ಕರ್ಕಂಡು ಬರ್ಲೇನ್ರಿ?"

ಮಂಡಿಪೇಟೆ ಹಿಂದಿನ ಓಣಿಯಲ್ಲಿ ಗಾದಿ ಹೊಲಿಯುವ ಮನೆಯ ಖೈರುನ್ನೀಸಾ ಹಾಗೆ ಕೇಳಿದಾಗ ಸಂಜೆ ನಾಲ್ಕು ಗಂಟೆ. ಸೊಸೆ ನೂರ್‌ಜಹಾನ್ ಕಿಬ್ಬೊಟ್ಟೆಯ ಬಲಗಡೆ ಒತ್ತಿ ಹಿಡಿದು ನಿಂತಿದ್ದಳು. ಹೆಚ್ಚುಕಮ್ಮಿ ನನ್ನದೇ ವಯಸ್ಸು.

ನಾನು ಡಾಕ್ಟರ್ ಅಲ್ಲ. ಎಂಬತ್ತಾರರ ಬೇಸಿಗೆ ಅದು, ಮದುವೆಯಾಗಿ ಬರೀ ಎರಡು ತಿಂಗಳು. ಕಾನ್ವೆಂಟ್‌ನಲ್ಲಿ ಓದಿ, ಇಂಗ್ಲಿಷ್ ಬಿ.ಎ. ಮಾಡಿಕೊಂಡು ದಾವಣಗೆರೆಗೆ ಸೊಸೆಯಾಗಿ ಬಂದವಳು.

ಭಾವನವರದು ಸಣ್ಣ ನರ್ಸಿಂಗ್ ಹೋಮ್. ಆಗಷ್ಟೇ ಅಲ್ಟ್ರಾಸೌಂಡ್ ಮಿಷನ್ ತರಿಸಿದ್ದರು, ಮ್ಯಾನ್ಯುಯಲ್ ಪೂರ್ತಿ ಇಂಗ್ಲಿಷ್. "ನಿನಗೆ ಇಂಗ್ಲಿಷ್ ಬರ್ತೈತಲ್ಲಮ್ಮ, ಇದನ್ನ ನೀನೇ ನೋಡ್ಕೊ" ಅಂದರು. ಅಷ್ಟೇ ನನ್ನ ಕ್ವಾಲಿಫಿಕೇಶನ್!

ಕಂಪನಿಯವನು ಮೂರು ದಿನ ಕಲಿಸಿ ಹೋದ. ಸ್ಕ್ರೀನ್ ಮೇಲೆ ಮೊದಲ ಸಲ ಮಗುವಿನ ಎದೆಬಡಿತ ಕಂಡಾಗ ಕುಣಿದೇಬಿಟ್ಟಿದ್ದೆ! ಜನ ಡಾಕ್ಟರಮ್ಮ ಅಂದರೆ ತಿದ್ದುತ್ತಿರಲಿಲ್ಲ... ಎಷ್ಟು ಹಿತ ಅನಿಸ್ತಿತ್ತು ಗೊತ್ತಾ ಆ ಮಾತು!

ಸ್ಕ್ಯಾನ್‌ಗೆ ಮೊದಲು ನೀರು ಕುಡಿದು ಮೂತ್ರಕೋಶ ತುಂಬಿರಬೇಕು ಅಂತ ಅವನು ಹೇಳಿದ್ದ. ಯಾಕೆ ಅಂತ ನಾನು ಕೇಳಿರಲಿಲ್ಲ.

ಆ ಸಂಜೆ ಐದಕ್ಕೆ ಇವರು ನನ್ನನ್ನು ಸ್ಕೂಟರ್‌ನಲ್ಲಿ ಹರಿಹರಕ್ಕೆ ಕರ್ಕೊಂಡು ಹೋಗೋರಿದ್ದರು. ಹೊಳೆ ದಂಡೆ, ನಾವಿಬ್ಬರೇ. ಹೊಸ ಸೀರೆ ಉಟ್ಟುಕೊಂಡೇ ಕೆಲಸಕ್ಕೆ ಬಂದಿದ್ದೆ.

"ಸಂಜೆ ಬೇಡ, ಈಗಲೇ ನೋಡಿಬಿಡ್ತೀನಿ" ಅಂದೆ.

ಖೈರುನ್ನೀಸಾ ನನ್ನ ಸೀರೆ ನೋಡಿ ನಕ್ಕರು. "ಹೊಸಾ ಮದುಮಗಳು ಕಣೇ ನೂರಿ, ಸಂಜಿ ಹೊತ್ತು ನಮ್ಮ ಮುಖ ಯಾಕ ನೋಡ್ತಾರೆ ಬಿಡು!" ನೋವಿನಲ್ಲೂ ನೂರ್‌ಜಹಾನ್ ನಕ್ಕಳು.

ಮೂತ್ರಕೋಶ ಖಾಲಿ, ಸ್ಕ್ರೀನ್ ಮೇಲೆ ಬರೀ ಬೂದು ಬೂದು. ಹೊಟ್ಟೆ ಮೇಲೆ ಪ್ರೋಬ್ ಅತ್ತ ಇತ್ತ ಆಡಿಸಿದೆ, ಏನೂ ಕಾಣಲಿಲ್ಲ.

ಏನೂ ಕಾಣಲಿಲ್ಲ ಅಂದರೆ ಏನೂ ಇಲ್ಲ ಅಂತಲೇ ತಿಳಿದೆ ನಾನು.

ನಾರ್ಮಲ್ ಅಂತ ಚೀಟಿ ಬರೆದೆ. ಆಪರೇಷನ್‌ಗೆ ಹೊರಟಿದ್ದ ಭಾವನವರು ನಿಂತಲ್ಲೇ ಸಹಿ ಹಾಕಿದರು.

ಹೊಳೆಯಲ್ಲಿ ನೀರು ಕಮ್ಮಿ. ಬಂಡೆ ಮೇಲೆ ಕೂತು ಮಂಡಕ್ಕಿ, ಮೆಣಸಿನಕಾಯಿ ತಿಂತಾ ಇದ್ದೀವಿ. ನಾನು ಎಷ್ಟು ನಗ್ತಿದ್ದೀನಿ ಅಂದರೆ, "ಮೆಲ್ಲಗೆ ನಗೇ, ಜನ ನೋಡ್ತಾರೆ" ಅಂತಿದ್ದಾರೆ ಇವರು...

ಮರುದಿನ ಬೆಳಗಾಗುವಷ್ಟರಲ್ಲಿ ನೂರ್‌ಜಹಾನ್ ತೀರಿಕೊಂಡಿದ್ದಳು.

ಬಸಿರು ಗರ್ಭಕೋಶದಲ್ಲಿ ನಿಲ್ಲದೆ ನಳಿಕೆಯಲ್ಲಿ ನಿಂತಿತ್ತಂತೆ. ಅದು ಒಡೆದು ಹೊಟ್ಟೆಯೆಲ್ಲ ರಕ್ತ. ಬಸಿರು ಅಂತ ಅವಳಿಗೂ ಗೊತ್ತಿರಲಿಲ್ಲ.

ಭಾವನವರು ಹೇಳಿದ್ದು ಒಂದೇ ಮಾತು. "ಯಾರ ಮುಂದೂ ಬಾಯಿ ಬಿಡಬ್ಯಾಡ."

ಕೆಲವು ದಿನ ಬಿಟ್ಟು ಖೈರುನ್ನೀಸಾ ಒಬ್ಬರೇ ಬಂದರು. ಕೈಯಲ್ಲಿ ಅದೇ ಚೀಟಿ. "ಇದ್ರಾಗೆ ಏನ್ ಬರ್ದೈತೆ, ಓದಿ ಹೇಳ್ರಿ."

ಏನೂ ತೊಂದರೆ ಇಲ್ಲ ಅಂತ ಬರೆದಿದೆ ಅಂದೆ. ಕಣ್ಣಲ್ಲಿ ನೀರು ಬಂತು.

ಚೀಟಿ ಮಡಚಿಕೊಂಡು ಕೇಳಿದರು, "ಈ ಮಿಷನ್ ನೋಡಾಕೆ ಎಷ್ಟು ವರ್ಷ ಓದೀರವ್ವ ನೀವು?"

"ಐದು ವರ್ಷ" ಅಂದುಬಿಟ್ಟೆ.

"ಐದು ವರ್ಷ ಓದಿದ ಕಣ್ಣಿಗೇ ಕಾಣ್ಲಿಲ್ಲ ಅಂದ ಮ್ಯಾಲೆ ಯಾರೇನು ಮಾಡಾಕಾಗ್ತೈತೆ... ಅಲ್ಲಾನ ಮರ್ಜಿ. ನೀವು ಅಳಬ್ಯಾಡ್ರಿ, ಎಳೇ ಹುಡುಗಿ" ಅಂತ ನನ್ನ ತಲೆ ಸವರಿದರು!

ಆಮೇಲೆ ನಾನು ಆ ಮಿಷನ್ ಮುಟ್ಟಲಿಲ್ಲ. ಈ ಕೆಲಸಕ್ಕೆ ನಿಜವಾಗಿ ಏನು ಓದಬೇಕು ಅಂತ ಪತ್ರ ಬರೆದು ಪ್ರಾಸ್ಪೆಕ್ಟಸ್ ತರಿಸಿದೆ.

ಪಿ.ಯು.ಸಿ.ಯಲ್ಲಿ ಸೈನ್ಸ್ ಇರಬೇಕು. ಆಮೇಲೆ ಎರಡು ವರ್ಷ ರೇಡಿಯಾಗ್ರಫಿ, ಅನಾಟಮಿ, ಫಿಸಿಕ್ಸ್. ಅದಾದ ಮೇಲೆ ಬಲ್ಲವರ ಕೈಕೆಳಗೆ ನಿಂತು ಸ್ಕ್ಯಾನ್ ಕಲಿಯಬೇಕು. ಬಿ.ಎ. ಓದಿದ ನನಗೆ ಅರ್ಜಿ ಹಾಕುವ ಅರ್ಹತೆಯೂ ಇರಲಿಲ್ಲ.

ಮತ್ತೆ ಪಿ.ಯು.ಸಿ.ಗೆ ಕೂತೆ. ಮದುವೆಯಾದವಳಿಗೆ ಇದೇನು ಹುಚ್ಚು ಅಂತ ಮನೆಯಲ್ಲಿ ನಕ್ಕರು. ಒಂದೊಂದಾಗಿ ಎಲ್ಲ ಮುಗಿಸಿದೆ.

ಸರ್ಟಿಫಿಕೇಟ್ ಬಂದ ವಾರವೇ ಆ ಓಣಿಗೆ ಹೋದೆ, ಇವತ್ತು ನಿಜ ಹೇಳಲೇಬೇಕು ಅಂತ. ಖೈರುನ್ನೀಸಾ ಹತ್ತಿ ಬಿಡಿಸುತ್ತಾ ಕೂತಿದ್ದರು. "ಬರ್ರಿ ಬರ್ರಿ, ಕೂಡ್ರಿ" ಅಂತ ಜಾಗ ಮಾಡಿಕೊಟ್ಟರು.

ಪಕ್ಕದ ಮನೆಯಾಕೆಗೆ ನನ್ನನ್ನು ತೋರಿಸಿ, "ನಮ್ಮ ನೂರಿನ ಉಳಿಸಾಕೆ ಭಾಳ ನೋಡಿದ್ರು ಪಾಪ, ಅವಳ ಹಣೇಬರಾನೇ ಸರಿ ಇರಲಿಲ್ಲ" ಅಂದರು.

ಚಹಾ ಕುಡಿದು ಎದ್ದು ಬಂದೆ. ಏನೂ ಹೇಳಲಿಲ್ಲ.

ಈಗ ಅವರೂ ಇಲ್ಲ... ನೀವಾಗಿದ್ದರೆ ಹೇಳ್ತಿದ್ರಾ?