ತೊಂಬತ್ತೆಂಟರಿಂದ ಎಪ್ಪತ್ತಕ್ಕೆ

ನಾನು ದಪ್ಪ ಇದ್ದೆ. ಸುತ್ತಿ ಬಳಸಿ ಹೇಳುವುದೇನಿದೆ, ಐದಡಿ ಎರಡಂಗುಲದ ಎತ್ತರಕ್ಕೆ ತೊಂಬತ್ತೆಂಟು ಕಿಲೋ. ಮೂವತ್ತೇಳು ವರ್ಷದವರೆಗೆ ಅದರ ಬಗ್ಗೆ ನನಗೆ ನಾಚಿಕೆಯೂ ಇರಲಿಲ್ಲ, ಯೋಚನೆಯೂ ಇರಲಿಲ್ಲ. ಮದ್ರಾಸಿನ ಮೌಂಟ್ ರೋಡಿನ ವಿಮಾ ಕಚೇರಿಗೆ ಹೋಗುವ ಬಸ್ಸಿನಲ್ಲಿ ನಾನು ಕೂತರೆ ಪಕ್ಕದವರು ಉಸ್ಸೆನ್ನುತ್ತಿದ್ದರು. ಅನ್ನಲಿ, ನಾನೂ ಟಿಕೆಟ್ ತಗೊಂಡಿದ್ದೇನೆ ಎಂದು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದೆ. ಸಣ್ಣಗಾಗು ಎಂದು ಉಪದೇಶ ಮಾಡಿದವರಿಗೆ, ನಿಮ್ಮನೆ ಅಕ್ಕಿ ತಿಂದಿಲ್ಲವಲ್ಲ ಎನ್ನುವಷ್ಟು ಬಾಯಿ ನನಗಿತ್ತು. ಈಗಲೂ ಇದೆ.

ಇಂಥವಳು ಇಳಿದದ್ದು ತಮ್ಮನಿಗಾಗಿ. ನನಗಿಂತ ಆರು ವರ್ಷ ಚಿಕ್ಕವನು, ರೈಲ್ವೆಯಲ್ಲಿ ಗುಮಾಸ್ತ. ಅಪ್ಪ ಅಮ್ಮ ಹೋದಮೇಲೆ ತವರು ಅಂತ ನನಗೆ ಉಳಿದಿದ್ದವನು ಅವನೊಬ್ಬನೇ. ಹೊಸ ಶತಮಾನ ಶುರುವಾದ ಹೊಸತರಲ್ಲಿ ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಡಯಾಲಿಸಿಸ್, ಮುಗಿಸಿ ಬಂದಾಗ ಮುಖದಲ್ಲಿ ರಕ್ತವೇ ಇರುತ್ತಿರಲಿಲ್ಲ. ನಂದು ಕೊಡ್ತೀನಿ ಎಂದು ನಾನೇ ಹೋಗಿ ನಿಂತೆ. ರಕ್ತ ಹೊಂದಿತು, ಉಳಿದ ಪರೀಕ್ಷೆಗಳೂ ಹೊಂದಿದವು. ಕೊನೆಗೆ ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಕನ್ನಡಕ ತೆಗೆದರು.

ಇಷ್ಟು ತೂಕದವರನ್ನು ನಾನು ಆಪರೇಷನ್ ಟೇಬಲ್ ಮೇಲೆ ಮಲಗಿಸುವುದಿಲ್ಲ, ಎಪ್ಪತ್ತಕ್ಕೆ ಇಳಿದು ಬನ್ನಿ ಎಂದು ತಮಿಳಿನಲ್ಲಿ ನೇರವಾಗಿ ಹೇಳಿದರು. ಅಲ್ಲಿಯವರೆಗೆ ಅವನು ತಡೆಯುತ್ತಾನಾ ಎಂದು ಕೇಳಿದೆ. ಒಂದು ವರ್ಷ ತಡೆಯಬಹುದು, ಅದರಾಚೆಗೆ ನನ್ನನ್ನು ಕೇಳಬೇಡಿ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ತಮ್ಮ ನನ್ನ ಮುಖ ನೋಡಿಯೇ, “ಬಿಡಕ್ಕ, ಇದು ಆಗೋ ಹೋಗೋ ಮಾತಲ್ಲ” ಎಂದ.

“ಮುಚ್ಚೋ ಬಾಯಿ” ಎಂದೆ.

ವೇಲಚೇರಿಯ ನಮ್ಮ ಫ್ಲ್ಯಾಟಿನಲ್ಲಿ ಆಗ ಇದ್ದದ್ದು ಮೂರೇ ಜನ: ನಾನು, ಬ್ಯಾಂಕಿನಲ್ಲಿದ್ದ ನಮ್ಮನೆಯವರು, ನಮ್ಮತ್ತೆ. ಅತ್ತೆಯದು ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದ ಮಾಧ್ವರ ಮನೆತನ. ಮಡಿ, ಏಕಾದಶಿ, ನೈವೇದ್ಯ ಒಂದೂ ತಪ್ಪಿದ್ದಿಲ್ಲ. ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

“ತವರಿಂದ ತರೋದು ಕೇಳಿದೀನಿ. ತವರಿಗೆ ಕೊಡೋದು ಕೇಳಿಲ್ಲಮ್ಮ. ಅದೂ ಹೊಟ್ಟೆ ಒಳಗಿಂದು!”

ಪೇಪರಿನ ಹಿಂದಿನಿಂದ ನಮ್ಮನೆಯವರು, “ಅಮ್ಮ ಹೇಳೋದ್ರಲ್ಲೂ ಅರ್ಥ ಇದೆ ಅಲ್ವಾ?” ಎಂದರು. ಇವರಿಗೆ ಅರ್ಥ ಎಲ್ಲದರಲ್ಲೂ ಕಾಣುತ್ತದೆ, ನನ್ನ ಮಾತೊಂದನ್ನು ಬಿಟ್ಟು.

ಅತ್ತೆ ಜಗಳ ಆಡಲಿಲ್ಲ. ಅಡುಗೆ ಮಾಡಿದರು. ಏನೂ ಇಲ್ಲದ ಮಂಗಳವಾರ ಹೋಳಿಗೆ, ಗುರುವಾರ ಗಸಗಸೆ ಪಾಯಸ, ಶನಿವಾರ ಆಂಬೊಡೆ. ಬೇಡ ಎಂದರೆ, “ನೈವೇದ್ಯ ಆಗಿದೆ, ಪ್ರಸಾದಕ್ಕೆ ಬೇಡ ಅನ್ಬಾರ್ದು” ಎನ್ನುತ್ತಿದ್ದರು. ಇವಳು ಎಪ್ಪತ್ತಕ್ಕೆ ಇಳಿದರೆ ತಾನೆ ಕತ್ತರಿ ಹಾಕುವುದು ಎಂಬ ಅವರ ಲೆಕ್ಕ ನನಗೆ ತಿಳಿಯಲು ಒಂದು ತಿಂಗಳು ಬೇಕಾಯಿತು.

ನಡೆಯಲು ಶುರು ಮಾಡಿದ್ದು ತಾರಸಿಯ ಮೇಲೆ. ನೀರಿನ ಟ್ಯಾಂಕಿನ ಸುತ್ತ ಹತ್ತು ಸುತ್ತು ಹಾಕುವಷ್ಟರಲ್ಲಿ ಎದೆ ಬಾಯಿಗೆ ಬರುತ್ತಿತ್ತು. ಮೂರನೇ ವಾರ ಬೀದಿಗಿಳಿದೆ. ಕಾಟನ್ ಸೀರೆಯ ಕೆಳಗೆ ನಮ್ಮನೆಯವರ ಹಳೆಯ ಕ್ಯಾನ್ವಾಸ್ ಬೂಟು. ನೀರಿನ ಲಾರಿಗೆ ಕೊಡ ಹಿಡಿದು ಸಾಲು ನಿಂತ ಹೆಂಗಸರೆಲ್ಲ ನಕ್ಕರು. ಹೂ ಮಾರುವಾಕೆಯಂತೂ “ಶೂ ಮಾಮಿ ವಂದುಟ್ಟಾಂಗ!”, ಶೂ ಮಾಮಿ ಬಂದ್ರು ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಮರುದಿನ ನಾನೇ ಅವಳ ಮುಂದೆ ನಿಂತು ಸೀರೆಯನ್ನು ಅರ್ಧ ಅಡಿ ಎತ್ತಿ, ಚೆನ್ನಾಗಿ ನೋಡ್ಕೋ, ನಾಳೆಯೂ ಇದೇ ಬೂಟು ಎಂದು ಅವಳ ತಮಿಳಿನಲ್ಲೇ ಹೇಳಿ ಬಂದೆ. ಆಮೇಲೂ ಅವಳು ಕೂಗುತ್ತಿದ್ದಳು, ಆದರೆ ಎಷ್ಟು ಇಳಿದೆ ಎಂದು ಕೇಳಲಿಕ್ಕೆ.

ಇಳಿದದ್ದು ಎಲ್ಲಿ? ಎರಡು ತಿಂಗಳಿಗೆ ನಾಲ್ಕೇ ಕಿಲೋ. ಆಸ್ಪತ್ರೆಯ ಡಯಟೀಷಿಯನ್ ಹುಡುಗಿ, ತಿಂದದ್ದನ್ನೆಲ್ಲ ಬರೆಯಿರಿ ಎಂದು ಒಂದು ನೋಟ್‌ಬುಕ್ ಕೊಟ್ಟಿದ್ದಳು. ಅದನ್ನು ಓದುತ್ತಾ ಒಂದು ಕಡೆ ಬೆರಳಿಟ್ಟಳು.

“ಇಲ್ಲಿ ಉಪವಾಸ ಅಂತ ಇದೆ. ಒಣ್ಣುಮೇ ಸಾಪ್ಪಿಡಲೈಯಾ?”

ಏನೂ ತಿನ್ನಲಿಲ್ಲ, ಏಕಾದಶಿಯಲ್ಲವಾ ಎಂದೆ. ಏನೂ ಎಂದರೆ ಏನೂ ಇಲ್ಲವಾ ಎಂದಳು. ಅನ್ನ ಮುಟ್ಟಲಿಲ್ಲ, ಬರೀ ಫಲಹಾರ ಎಂದೆ. ಏನೇನು ಫಲಹಾರ ಹೇಳಿ ಎಂದು ಪೆನ್ನು ತೆಗೆದಳು. ಬೆಳಿಗ್ಗೆ ಗೋಧಿ ರವೆ ಉಪ್ಪಿಟ್ಟು, ಹತ್ತು ಗಂಟೆಗೆ ಎರಡು ಬಾಳೆಹಣ್ಣು, ಮಧ್ಯಾಹ್ನ ಸಬ್ಬಕ್ಕಿ ಖಿಚಡಿ, ಜೊತೆಗೆ ಬೇಯಿಸಿದ ಗೆಣಸು, ಸಂಜೆ ಕಡಲೆಕಾಯಿ ಬೆಲ್ಲ, ರಾತ್ರಿ ದೊಡ್ಡ ಲೋಟ ಹಾಲು. ಹೇಳುತ್ತಾ ಹೋದಂತೆ ನನ್ನ ದನಿಯೇ ಇಳಿಯಿತು. ಮರುದಿನ? ಮರುದಿನ ದ್ವಾದಶಿ, ಬೆಳಿಗ್ಗೆ ಏಳಕ್ಕೇ ಪಾರಣೆ, ಅಂದರೆ ಉಪವಾಸ ಮುರಿಯುವ ಪೂರ್ತಿ ಊಟ. ಅದನ್ನೂ ಬರೆದಿರಲಿಲ್ಲ, ಅದು ವ್ರತದ ಭಾಗ. ಮಂಗಳವಾರದ ಹೋಳಿಗೆಯೂ ಪುಸ್ತಕದಲ್ಲಿರಲಿಲ್ಲ, ಅದು ಪ್ರಸಾದ. ನಾನು ಸುಳ್ಳು ಬರೆದಿರಲಿಲ್ಲ, ದೇವರಾಣೆ. ಹುಟ್ಟಿದಾಗಿನಿಂದ ನಮ್ಮ ಮನೆಗಳಲ್ಲಿ ಅದನ್ನು ಯಾರೂ ತಿಂದದ್ದು ಅಂತ ಎಣಿಸಿಯೇ ಇಲ್ಲ. ಹುಡುಗಿ ಕೂಡಿಸಿ ನೋಡಿ, ನೀವು ಎಲ್ಲಕ್ಕಿಂತ ಹೆಚ್ಚು ತಿನ್ನುವುದು ಉಪವಾಸದ ದಿನವೇ ಮೇಡಂ ಎಂದಳು. ಅಯ್ಯೋ, ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಮನೆಗೆ ಬಂದವಳೇ ಅತ್ತೆಗೆ ಹೇಳಿದೆ: “ಮುಂದಿನ ಏಕಾದಶಿಯಿಂದ ನಂಗೆ ಉಪ್ಪಿಟ್ಟು ಬೇಡ, ಖಿಚಡಿ ಬೇಡ. ಮಜ್ಜಿಗೆ ನಿಂಬೆನೀರು ಸಾಕು. ಉಪವಾಸ ಅಂದ್ಮೇಲೆ ಉಪವಾಸ.” ಆಚಾರದ ಮನೆಯ ಸೊಸೆ ಆಚಾರ ಹೆಚ್ಚು ಮಾಡುತ್ತೇನೆ ಎಂದರೆ ಅತ್ತೆಯಾದವರು ಏನು ಹೇಳಿಯಾರು? ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಒಂದು ಚೂರು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ನಮ್ಮನೆಯವರ ತಟ್ಟೆಗೆ ದಾಟಿಸತೊಡಗಿದೆ. ನನ್ನ ತಟ್ಟೆಯಲ್ಲಿ ಒಂದು ಸೌಟು ಅನ್ನ, ಒಂದು ಗುಡ್ಡೆ ಹುರುಳಿಕಾಯಿ ಪಲ್ಯ. ಹಸಿವೆಯಲ್ಲಿ ಅತ್ತಿದ್ದೂ ಉಂಟು, ಸುಳ್ಳೇಕೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದು ಬೂಟು ಹಾಕಿಕೊಳ್ಳುತ್ತಿದ್ದೆ.

ತೂಕ ಎಂಬತ್ತಮೂರಕ್ಕೆ ಬಂದ ವಾರ ಅತ್ತೆಗೆ ಭಯ ಹತ್ತಿತು. ಅನ್ನದ ಮೇಲೆ ತುಪ್ಪ ಬೀಳದೆ ಊಟ ಶುರುವಾಗಬಾರದು ಎನ್ನುತ್ತಾ ಒಲೆಯಿಂದ ಆಗಷ್ಟೇ ಇಳಿಸಿದ ತುಪ್ಪದ ಮಿಳ್ಳೆ ತಂದರು. ಒಂದು ಹನಿ ಸಾಕು ಎಂದೆ. ಹನಿ ಹಾಕಿದರು. ನಿಲ್ಲಿಸಲಿಲ್ಲ, ಮತ್ತೆ ಬಗ್ಗಿಸಿದರು. ನಾನು ತಟ್ಟೆಯ ಮೇಲೆ ಎಡಗೈ ಅಡ್ಡ ಇಟ್ಟೆ. ತುಪ್ಪ ಕೈಯ ಮೇಲೆ ಬಿತ್ತು. ಕೈ ತೆಗೆಯಲಿಲ್ಲ. ಚುರ್ರೆಂದಿತು, ಕಣ್ಣಲ್ಲಿ ನೀರು ಬಂತು, ಆದರೂ ತೆಗೆಯಲಿಲ್ಲ, ಅವರನ್ನೇ ನೋಡುತ್ತಾ ಕೂತೆ.

ಮಿಳ್ಳೆ ಅಲ್ಲೇ ಬಿಟ್ಟು ಓಡಿಹೋಗಿ ಜೇನುತುಪ್ಪ ತಂದರು. ಹಚ್ಚುತ್ತಾ ಹಚ್ಚುತ್ತಾ ಅವರೇ ಅಳಲು ಶುರು ಮಾಡಿದರು.

“ನಿಂಗೇನಾದ್ರೂ ಆದ್ರೆ ನನ್ನ ಮಗನ ಗತಿ ಏನೆ? ನನ್ನ ಗತಿ ಏನೆ?”

“ನನ್ನ ತಮ್ಮನ ಗತಿ ಏನತ್ತೆ?” ಎಂದೆ.

ಅವರ ಮೇಲೆ ಮರುಕವೂ ಆಯಿತು, ಕೋಪವೂ ಇಳಿಯಲಿಲ್ಲ. ಅಂದಿನಿಂದ ನನ್ನ ತಟ್ಟೆಗೆ ಒಂದೇ ಹನಿ ತುಪ್ಪ ಬೀಳುತ್ತಿತ್ತು.

ಹತ್ತನೇ ತಿಂಗಳು ಯಂತ್ರದ ಮುಳ್ಳು ಎಪ್ಪತ್ತಕ್ಕೆ ನಿಂತಿತು. ತಮ್ಮ ಆ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿದ್ದ. ಆಸ್ಪತ್ರೆಯವರು ಗಂಡನ ಸಹಿಯೂ ಬೇಕು ಎಂದು ಕಾಗದ ಕೊಟ್ಟು ಕಳಿಸಿದರು. ನಮ್ಮನೆಯವರು ಪೆನ್ನು ಹಿಡಿದು ಎರಡು ಸಲ ಓದಿ, “ಇನ್ನೊಂದು ವಾರ ಯೋಚನೆ ಮಾಡೋಣ್ವಾ?” ಎಂದರು.

ನನಗೆ ನೆತ್ತಿಗೇರಿತು. “ಹತ್ತು ತಿಂಗಳು ಏನ್ರೀ ಮಾಡ್ತಿದ್ರಿ? ಇಪ್ಪತ್ತೆಂಟು ಕಿಲೋ ಹೋಗಿದೆ ನನ್ನ ಮೈಯಿಂದ, ಅದಕ್ಕೆ ಯಾರ ಸೈನ್ ಕೇಳಿದೆ? ಇನ್ನು ಕಾಲು ಕಿಲೋನೂ ಇಲ್ಲದ್ದು ಹೋಗೋಕೆ ನಿಮ್ಮ ಸೈನ್ ಬೇಕಂತೆ. ಹಾಕ್ರಿ!”

ಇವರು ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ನೋಡಿದರು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು.

“ಸೈನ್ ಹಾಕೋ. ಅವಳು ಬಿಡೋಳಲ್ಲ.”

ಆಪರೇಷನ್ ಆಯಿತು. ಎಚ್ಚರವಾದಾಗ ನಾನು ಕೇಳಿದ ಮೊದಲ ಮಾತು, ಅವನಿಗೆ ಮೂತ್ರ ಬಂತಾ ಎಂದು. ನರ್ಸು ನಕ್ಕು, ಚೀಲ ಬದಲಾಯಿಸಿ ಬದಲಾಯಿಸಿ ಸಾಕಾಯಿತು ಎಂದಳು. ಹೊಲಿಗೆ ನೋಯುತ್ತಿದ್ದರೂ ಜೋರಾಗಿ ನಕ್ಕೆ.

ಈಗ ಅದೆಲ್ಲ ಆಗಿ ನಾಲ್ಕು ವರ್ಷ. ನಾನು ಎಪ್ಪತ್ತೊಂದು, ಎಪ್ಪತ್ತೆರಡರಲ್ಲಿದ್ದೇನೆ. ದಪ್ಪಗಾದವನು ತಮ್ಮ! ಮೊದಲು ಮಾತ್ರೆಗಳಿಂದ ಮುಖ ಊದಿತು, ಆಮೇಲೆ ಬದುಕಿದ ಸಂತೋಷಕ್ಕೆ ತಿಂದು ತಿಂದು ಎಂಬತ್ತೊಂಬತ್ತು ಕಿಲೋ. ಸಕ್ಕರೆ ಅಂಚಿಗೆ ಬಂದಿದೆ, ಇಳಿಸದಿದ್ದರೆ ಈ ಕಿಡ್ನಿಯೂ ಕೆಡುತ್ತದೆ ಎಂದು ಡಾಕ್ಟರು ಬೈದಿದ್ದಾರೆ. ಹಾಗಾಗಿ ಭಾನುವಾರ ಬೆಳಿಗ್ಗೆ ಅವನನ್ನು ಬೆಸೆಂಟ್ ನಗರದ ಬೀಚಿಗೆ ಎಳೆದುಕೊಂಡು ಹೋಗುತ್ತೇನೆ. ಕಳೆದ ವಾರ ಅರ್ಧ ದಾರಿಯಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ.

“ಸಾಕು ಹೋಗಕ್ಕ. ನನ್ನ ಮೈ, ನನ್ನಿಷ್ಟ.”

“ನಿನ್ನ ಮೈಯಾ?” ಎಂದೆ. “ಬಲಗಡೆ ಹೊಟ್ಟೆ ಕೆಳಗೆ ಕೈಯಿಟ್ಟು ನೋಡ್ಕೋ. ಅಲ್ಲಿರೋದು ನಂದು. ಅದಕ್ಕೆ ಅರ್ಧ ದಾರೀಲಿ ಕೂತು ಅಭ್ಯಾಸ ಇಲ್ಲ. ಏಳು.”

ಎದ್ದ.