ಮುಂಬಯಿಯವರ ಹಾಗೆ ಎರಡು ದಿನ

ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ ಅಪ್ಪ ಅಮ್ಮನಿಗೆ ಮುಂಬಯಿ ತೋರಿಸಬೇಕು ಅಂತ ಆಸೆಪಟ್ಟವಳು ನಮ್ಮ ಮಗಳು. ರೈಲು, ಲಾಡ್ಜು ಎಲ್ಲವನ್ನೂ ಫೋನಿನಲ್ಲೇ ಗೊತ್ತು ಮಾಡಿದಳು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಹೊರಡುವುದಕ್ಕೆ ವಾರ ಇದೆ ಅನ್ನುವಾಗ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬಟ್ಟೆಯ ಪಾಠ ಶುರುಮಾಡಿದಳು.

"ಅಮ್ಮಾ, ಹೊಸಬರು ಅಂತ ಗೊತ್ತಾದ್ರೆ ಯಾಮಾರಿಸಿಬಿಡ್ತಾರೆ. ಅಲ್ಲಿಯವರ ಥರಾನೇ ಇರ್ಬೇಕು. ಸೀರೆ ಬೇಡ, ಹೂವು ಬೇಡ. ಅಪ್ಪಾ, ನೀನು ಹೆಗಲ ಮೇಲೆ ಟವೆಲ್ ಹಾಕ್ಕೋಬಾರ್ದು. ದೊಡ್ಡ ಬಿಲ್ಡಿಂಗ್ ಕಂಡ್ರೆ ಕತ್ತೆತ್ತಿ ನೋಡ್ಕೊಂಡು ನಿಲ್ಬಾರ್ದು."

"ಹಂಗಾದ್ರೆ ಮುಂಬಯಿಗೆ ಯಾಕ್ ಹೋಗೋದು?" ಅಂದರು ನಮ್ಮ ಯಜಮಾನರು. ಮಗಳು ಆಗಲೇ ಫೋನಿನಲ್ಲಿ ನಮಗೆ ಬಟ್ಟೆ ಆರಿಸುತ್ತಿದ್ದಳು.

ಬೆಂಗಳೂರಿಗೆ ಹೋಗುವಾಗ ಇಂಥ ತಯಾರಿ ನಮಗೆ ಯಾವತ್ತೂ ಬೇಕಾಗಿರಲಿಲ್ಲ. ನಮ್ಮೂರು ದೊಡ್ಡಬೆಳವಂಗಲದಲ್ಲಿ ಇದ್ದ ಹಾಗೇ ಬಸ್ಸು ಹತ್ತಿ ಇಳಿದರೆ ಮೆಜೆಸ್ಟಿಕ್ಕಿನಲ್ಲಿ ಅರ್ಧ ಜನ ನಮ್ಮ ಹಾಗೇ ಇರುತ್ತಾರೆ. ಆದರೆ ಮುಂಬಯಿ ಅಂದಾಗ ನನಗೂ ಹುಮ್ಮಸ್ಸು ಬಂತು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ಎಷ್ಟೋ ವರ್ಷದಿಂದ ಹೊರದೇಶದವರ ಶರ್ಟಿಗೆ ಕಾಲರ್ ಹೊಲಿದವಳು ನಾನು. ಫ್ಯಾಷನ್ ಅಂದರೆ ನನಗೆ ಗೊತ್ತಿಲ್ಲದ್ದಲ್ಲ ಅನ್ನುವ ಧೈರ್ಯ. ಅದುವರೆಗೆ ನಾನು ಹೊಲಿದದ್ದು ಯಾವುದನ್ನೂ ತೊಟ್ಟಿರಲಿಲ್ಲ ಅನ್ನುವುದು ಬೇರೆ ಮಾತು.

ನನಗೆ ಹಳದಿ ಕುರ್ತಾ, ಕಪ್ಪು ಲೆಗ್ಗಿಂಗ್ಸ್, ಬಿಳಿ ಕ್ಯಾನ್ವಾಸ್ ಶೂ ಬಂತು. ಯಜಮಾನರಿಗೆ ಮಂಡಿಯ ಕೆಳಗೆ ನಾಲ್ಕು ಬೆರಳಿಗೆ ಮುಗಿಯುವ ಚಡ್ಡಿ. ಇಪ್ಪತ್ತೈದು ವರ್ಷ ಪಂಚೆ ಮೊಣಕಾಲಿನವರೆಗೆ ಎತ್ತಿ ಕಟ್ಟಿ ಬೀನ್ಸ್ ತೋಟಕ್ಕೆ ನೀರು ಕಟ್ಟಿದ ಮನುಷ್ಯ, ಅದೇ ಕಾಲು ಅಷ್ಟೇ ಕಾಣುವ ಚಡ್ಡಿ ಹಾಕಿಕೊಳ್ಳಲು ನಾಚಿ ಬಾಗಿಲು ಹಾಕಿಕೊಂಡರು.

ಮುಂಬಯಿಯಲ್ಲಿ ಮೊದಲ ದಿನ ಬೆಳಿಗ್ಗೆ ನಾವಿಬ್ಬರೇ ವೇಷ ಕಟ್ಟಿ ಬಸ್ಸು ಹತ್ತಿದೆವು. ಕಂಡಕ್ಟರು ನನ್ನನ್ನು ನೋಡಿ ಗಡಗಡ ಮರಾಠಿಯಲ್ಲಿ ಏನೋ ಕೇಳಿದ. ನನ್ನನ್ನು ಅಲ್ಲಿಯವಳೇ ಅಂದುಕೊಂಡ! ಆ ಖುಷಿಯನ್ನು ಕೆಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಮರಾಠಿಯಲ್ಲಿ ಹೌದು ಅನ್ನುವುದಕ್ಕೆ "ಹೋ" ಅನ್ನುತ್ತಾರೆ ಅಂತ ಮಗಳು ಹೇಳಿಕೊಟ್ಟಿದ್ದಳು. "ಹೋ" ಅಂದೆ. ಇನ್ನೇನೋ ಕೇಳಿದ. ಅದಕ್ಕೂ "ಹೋ" ಅಂದೆ. ಟಿಕೆಟ್ ಹರಿದು ಕೊಟ್ಟ.

"ಏನಂತೆ?" ಅಂದರು ಯಜಮಾನರು.

"ಸುಮ್ನಿರ್ರೀ, ಎಲ್ಲಾ ಹೇಳಿದೀನಿ."

ಬಸ್ಸು ಹೋಯಿತು, ಹೋಗುತ್ತಲೇ ಇತ್ತು. ಕೊನೆಗೆ ಬರೀ ಬಸ್ಸುಗಳೇ ತುಂಬಿದ ಒಂದು ದೊಡ್ಡ ಬಯಲಿನಲ್ಲಿ ನಿಂತಿತು. ಡ್ರೈವರು ಇಳಿದು ಮುಖ ತೊಳೆಯಲು ಹೋದ. ನಾವು ಹೋಗಬೇಕಿದ್ದದ್ದು ಸಮುದ್ರದ ಪಕ್ಕದ ಗೇಟ್‌ವೇಗೆ, ಇಳಿದದ್ದು ಡಿಪೋದಲ್ಲಿ. ಯಾರನ್ನಾದರೂ ಕೇಳೋಣವೆಂದರೆ ಎಲ್ಲರೂ ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು. ದಿನಾ ಓಡಾಡುವವರಿಗೆ ಏನು ಸಹಾಯ ಬೇಕು!

ಮಧ್ಯಾಹ್ನದ ಹೊತ್ತಿಗೆ ಹೇಗೋ ಗೇಟ್‌ವೇ ಮುಟ್ಟಿದೆವು. ಬಿಸಿಲಿಗೆ ಶೂ ಒಳಗೆ ಕಾಲು ಬೆಂದು ಹೋಗಿತ್ತು. ಅಷ್ಟರಲ್ಲಿ ನಮ್ಮ ವಯಸ್ಸಿನದೇ ಒಂದು ಜೋಡಿ ನೇರವಾಗಿ ನನ್ನ ಹತ್ತಿರ ಬಂತು. ಆಕೆ ಹಸಿರು ರೇಷ್ಮೆ ಸೀರೆ ಉಟ್ಟು ಬಾಡಿದ ಮಲ್ಲಿಗೆ ಮುಡಿದಿದ್ದಳು. ಆತನದು ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಇವರಿಗೆ ಬುದ್ಧಿ ಹೇಳುವ ಮಗಳು ಇಲ್ಲವೇನೋ ಅಂತ ಮರುಕವಾಯಿತು.

"ಬೋಟ್ ಟಿಕೆಟ್ ಕಿಧರ್?" ಅಂದಳು ಆಕೆ.

ನನಗೂ ಗೊತ್ತಿರಲಿಲ್ಲ. ಆದರೆ ಮುಂಬಯಿಯವಳು ಗೊತ್ತಿಲ್ಲ ಅನ್ನುವುದುಂಟೆ? "ಉಧರ್, ಸೀದಾ" ಅಂತ ಕೈ ತೋರಿಸಿದೆ.

ಆಕೆ ತಲೆಯಾಡಿಸಿ ಗಂಡನ ಕಡೆ ತಿರುಗಿ, ಗಂಟಲು ತಗ್ಗಿಸುವ ಗೋಜಿಗೂ ಹೋಗದೆ, "ಬನ್ನಿ, ಆ ಕಡೆ ಅಂತೆ. ಅಲ್ಲಾ, ಈವಮ್ಮಂಗೆ ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ? ಗಂಡನ್ನ ನೋಡಿ, ಪಾಪ, ಪ್ಯಾಂಟು ಮಳೆಗೆ ಕುಗ್ಗಿಹೋದಂಗದೆ" ಅಂದಳು.

ಅಚ್ಚ ನಮ್ಮ ಕಡೆಯ ಕನ್ನಡ. ಅರ್ಥವಾಗಿಲ್ಲ ಅನ್ನುವ ಹಾಗೆ ಸಮುದ್ರದ ಕಡೆ ನೋಡುವುದೊಂದೇ ದಾರಿ ಅಂದುಕೊಂಡೆ. ಆದರೆ ಯಜಮಾನರಿಗೆ ತಡೆಯಲಾಗಲಿಲ್ಲ.

"ಕುಗ್ಗಿರೋದಲ್ಲ ಕಣಮ್ಮಾ, ಕೊಂಡಾಗ್ಲೇ ಇಷ್ಟುದ್ದ ಇತ್ತು" ಅಂದರು. "ಯಾವೂರಾಯ್ತು ತಮ್ದು?"

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆತ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. "ಅನುಗೊಂಡನಹಳ್ಳಿ ಸ್ವಾಮಿ, ಹೊಸಕೋಟೆ ತಾಲ್ಲೂಕು" ಅಂದ, ಕಣ್ಣೊರೆಸಿಕೊಳ್ಳುತ್ತಾ.

"ತಪ್ಪು ತಿಳ್ಕೋಬೇಡಿ ಅಕ್ಕಾ, ನೀವು ಇಲ್ಲಿಯವರು ಅಂತ ಅಂದ್ಕೊಂಡ್ಬಿಟ್ಟೆ" ಅಂದಳು ಆಕೆ.

ವಾರವಿಡೀ ನಾನು ಕೇಳಬೇಕೆಂದಿದ್ದ ಮಾತೇ ಅದು. ಕೇಳಿದಾಗ ಅಳು ಬರುವ ಹಾಗಾಯಿತು. "ಬೋಟ್ ಟಿಕೆಟ್ ಎಲ್ಲಿ ಅಂತ ನಂಗೂ ಗೊತ್ತಿಲ್ಲ ಕಣಮ್ಮ" ಅಂದೆ.

ನಾಲ್ವರೂ ನೆರಳು ನೋಡಿಕೊಂಡು ಕೂತೆವು. ಆಕೆ ಚೀಲದಿಂದ ಚಕ್ಕುಲಿ ತೆಗೆದಳು. ಬೆಳಗಿನಿಂದ ಅವರ ದಿನ ಹೇಗೆ ನಡೆಯಿತು ಅನ್ನುವುದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಪೊಲೀಸಿನವನು ತಾನೇ ಕೈ ಅಡ್ಡ ಹಿಡಿದು ರಸ್ತೆ ದಾಟಿಸಿದನಂತೆ. ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದು ಜಾಗ ಕೊಟ್ಟು, ಇಳಿಯುವ ಸ್ಟಾಪ್ ಬಂದಾಗ ನೆನಪು ಮಾಡಿದಳಂತೆ. "ಒಳ್ಳೇ ಜನ ಕಣಕ್ಕಾ" ಅಂದಳು ಆಕೆ. ನಾವು ಡಿಪೋ ನೋಡಿಕೊಂಡು ಬಂದ ಕತೆಯನ್ನು ನಾನು ಹೇಳಬಾರದು ಅಂತಿದ್ದೆ, ಯಜಮಾನರು ಹೇಳಿಬಿಟ್ಟರು. "ಹೋ" ಅನ್ನುವುದನ್ನು ನನ್ನ ದನಿಯಲ್ಲೇ ಅಣಕಿಸಿ ತೋರಿಸಿದರು ಬೇರೆ.

ಮಾರನೆಯ ದಿನ ಜೊತೆಗೇ ಊರು ನೋಡೋಣ ಅಂತ ಮಾತಾಯಿತು. ನಾನು ದೇವಸ್ಥಾನಕ್ಕೆ ಅಂತ ಇಟ್ಟುಕೊಂಡಿದ್ದ ನೇರಳೆ ಸೀರೆ ಉಟ್ಟೆ. ಯಜಮಾನರು ಪಂಚೆ ಉಟ್ಟು, ಲಾಡ್ಜಿನ ಮೆಟ್ಟಿಲು ಎರಡೆರಡಾಗಿ ಇಳಿದರು. ನಾವು ನಾಲ್ಕೂ ಜನ ಬೀದಿಯಲ್ಲಿ ಸಾಲಾಗಿ ನಿಂತು, ದೊಡ್ಡ ಕಟ್ಟಡ ಕಂಡಲ್ಲೆಲ್ಲ ಕತ್ತೆತ್ತಿ ನೋಡಿದೆವು. ನಮ್ಮನ್ನು ಕಂಡದ್ದೇ ಟ್ಯಾಕ್ಸಿಯವನೊಬ್ಬ ಓಡಿಬಂದು ಬಾಗಿಲು ತೆರೆದ. ಎಷ್ಟು ಮರ್ಯಾದೆ!

ಟ್ಯಾಕ್ಸಿ ಸಮುದ್ರದ ದಡ, ಸೇತುವೆ, ಮೀನು ಮಾರ್ಕೆಟ್ಟು ದಾಟಿತು. ಮತ್ತೆ ಸಮುದ್ರದ ದಡ, ಮತ್ತೆ ಸೇತುವೆ. ಬುಟ್ಟಿಯ ಪಕ್ಕ ಕೂತು ಮೀನು ಹೆಚ್ಚುತ್ತಿದ್ದ ಕೆಂಪು ಸೀರೆಯ ಹೆಂಗಸನ್ನು ನಾನು ಎರಡನೆಯ ಸಲ ನೋಡಿದೆ. ಅವಳೂ ನನ್ನನ್ನು ನೋಡಿದಳು.

"ಈ ಊರಲ್ಲಿ ಎಷ್ಟೊಂದು ಮೀನ್ ಮಾರ್ಕೆಟ್ಟು ಅವೆ ನೋಡಕ್ಕಾ!" ಅಂದಳು ಅನುಗೊಂಡನಹಳ್ಳಿಯಾಕೆ, ಕಿಟಕಿಗೆ ಮುಖ ಕೊಟ್ಟು, ಗಾಳಿಗೆ ಕಣ್ಣು ಮುಚ್ಚಿಕೊಂಡು.

ನಾನು ಯಜಮಾನರ ಮುಖ ನೋಡಿದೆ. ಅವರು ಓಡುತ್ತಿದ್ದ ಮೀಟರನ್ನೂ ಡ್ರೈವರನ ಬೆನ್ನನ್ನೂ ನೋಡಿ, ಪಂಚೆ ಸರಿಮಾಡಿಕೊಂಡು, ಸೀಟಿಗೆ ಚೆನ್ನಾಗಿ ಒರಗಿ ಕೂತರು.

"ಹೂಂ ಕಣಮ್ಮಾ," ಅಂದರು, "ಎಲ್ಲಾನೂ ಒಂದೇ ಥರ ಕಟ್ಟವ್ರೆ."