ಹದಿನೇಳನೇ ಪುಟ ಕಾದ ಟೈಪಕ್ಕ

ಬೆಳಗಿನ ಐದೂಮುಕ್ಕಾಲು. ಪತ್ರಿಕಾ ಕಚೇರಿಯ ಮೂರನೇ ಮಹಡಿಯಲ್ಲಿ ದೀಪ ಉರಿಯುತ್ತಿರುವುದು ಒಂದೇ ಕೋಣೆಯಲ್ಲಿ. ನೆಲಮಾಳಿಗೆಯ ಮುದ್ರಣ ಯಂತ್ರ ನಿಂತು ಗಂಟೆಯಾಗಿದೆ. ಪತ್ರಿಕೆ ಹೊತ್ತ ಕೊನೆಯ ವ್ಯಾನು ಗೇಟು ದಾಟುತ್ತಿದೆ. ಐವತ್ತೆಂಟರ ಹೆಂಗಸೊಬ್ಬರು ಮೇಜಿನ ಗಾಜನ್ನು ಒಣಬಟ್ಟೆಯಿಂದ ಒರೆಸಿ, ಕೈ ತೊಳೆದುಕೊಂಡು ಬಂದು, ಒಂದು ಹಾಳೆಯನ್ನು ಅಂಚಿನಲ್ಲಿ ಹಿಡಿದು ಎತ್ತುತ್ತಾರೆ. ತಕ್ಷಣ ಓದುವುದಿಲ್ಲ. ಮೊದಲು ಮೇಜುದೀಪಕ್ಕೆ ಅಡ್ಡ ಹಿಡಿಯುತ್ತಾರೆ, ಆಮೇಲೆ ದೀಪ ಆರಿಸಿ ನೀಲಿ ಬೆಳಕಿನ ಪುಟ್ಟ ಟಾರ್ಚ್ ಬಿಡುತ್ತಾರೆ, ಕೊನೆಗೆ ಎಡ ಅಂಚಿನ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ಬಗ್ಗುತ್ತಾರೆ.

"ಹಾಳೆಗೂ ಮುಖ ಇರತ್ತೆ. ಮೊದಲು ಮುಖ ನೋಡಿಬಿಡಬೇಕು. ಏನು ಬರೆದಿದೆ ಅನ್ನೋದು ಆಮೇಲೆ" ಎನ್ನುತ್ತಾರೆ.

ಕಚೇರಿಯಲ್ಲಿ ಎಲ್ಲರಿಗೂ ಇವರು ಟೈಪಕ್ಕ. ಮೂವತ್ತೊಂದು ವರ್ಷದಿಂದ ಇದೇ ಕೋಣೆ, ಇದೇ ಕಿರುಗುಟ್ಟುವ ಕುರ್ಚಿ. ಸಾಮಾನ್ಯ ದಿನಗಳಲ್ಲಿ ಇವರದು ಓದುಗರ ಪತ್ರಗಳನ್ನು ಟೈಪಿಸುವ ಕೆಲಸ. ದಿನಕ್ಕೆ ಐವತ್ತರಿಂದ ಅರವತ್ತು ಪತ್ರ, ಅರ್ಧಕ್ಕಿಂತ ಹೆಚ್ಚು ಕೈಬರಹದವು, ಅದರಲ್ಲಿ ಮೂರೋ ನಾಲ್ಕೋ ಅಚ್ಚಾಗುತ್ತವೆ. ವರ್ಷದಲ್ಲಿ ಆರೇಳು ಬಾರಿ ಮಾತ್ರ ಸಂಪಾದಕರು ಬಾಗಿಲು ಮುಚ್ಚಿಕೊಂಡು ಬಂದು, ವಿಳಾಸವಿಲ್ಲದ ದಪ್ಪ ಲಕೋಟೆಯೊಂದನ್ನು ಮೇಜಿನ ಮೇಲಿಟ್ಟು, "ಅಕ್ಕಾ, ಇದೊಂದು" ಎಂದಷ್ಟೇ ಹೇಳಿ ಹೋಗುತ್ತಾರೆ. ಸರ್ಕಾರದ ಯಾವುದೋ ಬೀರುವಿನಲ್ಲಿ ಮುಚ್ಚಿಡಬೇಕೆಂದಿದ್ದ ಕಾಗದ ಅದು. ಯಾರು ತಂದುಕೊಟ್ಟರೆಂದು ಸಂಪಾದಕರು ಹೇಳುವುದಿಲ್ಲ, ಟೈಪಕ್ಕ ಕೇಳುವುದಿಲ್ಲ.

ಟೈಪಕ್ಕನ ಕೆಲಸ ಅದನ್ನು ಮೊದಲಿಂದ ಕೊನೆಯವರೆಗೆ ಹೊಸದಾಗಿ ಟೈಪ್ ಮಾಡುವುದು. ಗಂಟೆಗೆ ಎಂಟು ಪುಟ. ವರದಿಗಾರರಿಗೂ ವಕೀಲರಿಗೂ ಸಿಗುವುದು ಇವರು ಟೈಪಿಸಿದ ಪ್ರತಿ ಮಾತ್ರ. ಮೂಲ ಹಾಳೆಯ ಚಿತ್ರ ಅಚ್ಚಾಗುವುದಿಲ್ಲ, ಯಾರ ಫೋನಿಗೂ ಹೋಗುವುದಿಲ್ಲ. ಕಾರಣವನ್ನು ಇವರು ಒಂದೇ ಸಾಲಿನಲ್ಲಿ ಹೇಳುತ್ತಾರೆ: "ಅರ್ಥ ಹೊರಗೆ ಹೋಗಲಿ, ಆಕಾರ ಇಲ್ಲೇ ಇರಲಿ."

ಈ ಆಕಾರ ಎಂಬುದು ಸಣ್ಣ ವಿಷಯವಲ್ಲ. ಜೆರಾಕ್ಸ್ ಯಂತ್ರದೊಳಗೆ ಒಂದು ಉರುಳೆ ಇರುತ್ತದೆ. ಅದರ ಮೈಮೇಲೆ ಒಂದು ಗೀರು ಬಿದ್ದರೆ, ಉರುಳೆ ಪ್ರತಿ ಸುತ್ತು ಮುಗಿಸಿದಾಗಲೂ ಹಾಳೆಯ ಮೇಲೆ ಅದೇ ನೇರದಲ್ಲಿ ಒಂದು ಚುಕ್ಕೆ ಮೂಡುತ್ತದೆ. ಸಣ್ಣ ಯಂತ್ರಗಳಲ್ಲಿ ಆ ಸುತ್ತಳತೆ ಸುಮಾರು ಒಂಬತ್ತೂವರೆ ಸೆಂಟಿಮೀಟರು, ಅಂದರೆ ಪುಟಕ್ಕೆ ಮೂರು ಚುಕ್ಕೆ. ಕಣ್ಣಿಗೆ ಅದು ಬರೀ ಧೂಳು. ಅಳತೆಪಟ್ಟಿ ಇಟ್ಟವರಿಗೆ ಅದು ಒಂದು ಯಂತ್ರದ ರುಜು. ಕೆಲವು ಬಣ್ಣದ ಪ್ರಿಂಟರುಗಳು ಕಾಣದಷ್ಟು ಸಣ್ಣ ಹಳದಿ ಚುಕ್ಕೆಗಳನ್ನು ಸಾಲಾಗಿ ಒತ್ತುತ್ತವೆ. ನೀಲಿ ಬೆಳಕಿನಲ್ಲಿ ಅವು ಕಪ್ಪಾಗಿ ಎದ್ದು ಕಾಣುತ್ತವೆ. ಇದನ್ನೆಲ್ಲ ಟೈಪಕ್ಕ ಯಾವ ಪ್ರಯೋಗಾಲಯದಲ್ಲೂ ಕಲಿತದ್ದಲ್ಲ. ಜೆರಾಕ್ಸ್ ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್ಕನ್ನು ಕೂರಿಸಿಕೊಂಡು, ಎರಡು ಲೋಟ ಚಹಾ ಕುಡಿಸಿ, ಯಂತ್ರ ಬಿಚ್ಚಿಸಿ ನೋಡಿ ಕಲಿತದ್ದು.

ಕಲಿಯಬೇಕಾಗಿ ಬಂದದ್ದು ಒಂದು ತಪ್ಪಿನಿಂದ. ಇಪ್ಪತ್ತೆರಡು ವರ್ಷದ ಹಿಂದೆ ಪತ್ರಿಕೆ ಇಂಥದೇ ಒಂದು ಕಾಗದದ ಚಿತ್ರವನ್ನು ಮುಖಪುಟದಲ್ಲಿ ಹಾಕಿತ್ತು. ಹೆಸರು, ಸಹಿ, ತಾರೀಖು ಎಲ್ಲದಕ್ಕೂ ಕಪ್ಪು ಬಳಿದವರು ಟೈಪಕ್ಕನೇ. ಫೈಲಿಗೆ ಹಾಕಲು ಮಾಡಿದ ಎರಡು ತೂತನ್ನು ಹಾಗೇ ಬಿಟ್ಟಿದ್ದರು. ಒಂದು ತೂತಿನ ಅಂಚು ಅರ್ಧಚಂದ್ರದಂತೆ ಹರಿದಿತ್ತು. ಇಡೀ ಇಲಾಖೆಯಲ್ಲಿ ಹಾಗೆ ಹರಿಯುವ ಪಂಚಿಂಗ್ ಯಂತ್ರ ಇದ್ದದ್ದು ಒಂದೇ ಮೇಜಿನ ಮೇಲೆ. ನಾಲ್ಕೇ ದಿನದಲ್ಲಿ ಆ ಗುಮಾಸ್ತರ ಕೆಲಸ ಹೋಯಿತು.

"ಒಂದು ತಿಂಗಳಾದ ಮೇಲೆ ಅವರೇ ಬಂದ್ರು, ಆ ದಿನದ ಹಳೇ ಪೇಪರ್ ಒಂದು ಬೇಕು ಅಂತ. ಯಾರು ಅಂತ ಕೌಂಟರ್‌ನಲ್ಲಿದ್ದೋರು ನನಗೆ ಪಿಸುಗುಟ್ಟಿದ್ರು. ನಾನೇ ಹುಡುಕಿ ಕೊಟ್ಟೆ. ಮಡಚಿ ಜೇಬಲ್ಲಿಟ್ಟು, ಥ್ಯಾಂಕ್ಸಮ್ಮ ಅಂದು ಹೋದ್ರು. ಬೈದಿದ್ರೆ ಆವತ್ತು ನಿದ್ದೆ ಬರ್ತಿತ್ತು."

ಅಂದಿನಿಂದ ಈ ಕೋಣೆಯ ಪದ್ಧತಿ ಗಟ್ಟಿಯಾಗಿದೆ. ಟೈಪ್ ಮಾಡುವುದು, ಗಟ್ಟಿಯಾಗಿ ಓದಿ ಮೂರು ಸಲ ತಾಳೆ ನೋಡುವುದು, ಅದೇ ದಿನ ಮೂಲವನ್ನು ಬಕೆಟ್ಟಿನ ನೀರಿಗೆ ಹಾಕುವುದು. ಸಂಜೆಗೆ ಹಾಳೆ ನೆಂದು ಮುದ್ದೆಯಾಗುತ್ತದೆ. ಅದನ್ನು ಲೋಟದ ಹೊರಮೈಗೆ ಮೆತ್ತಿ ಒಣಗಿಸಿದರೆ ಸಸಿ ಬೆಳೆಸುವ ಕುಂಡ. ಮನೆಯ ತಾರಸಿಯಲ್ಲಿ ಅಂಥವು ಮೂವತ್ತಕ್ಕೂ ಹೆಚ್ಚು ಸಾಲಾಗಿವೆ. ಎಂಬತ್ತೊಂದರ ಅತ್ತೆ ಅವಕ್ಕೆ ನೀರು ಹಾಕುತ್ತಾ ನೆರೆಯವರಿಗೆ ಸಾರುತ್ತಾರೆ: "ಸರ್ಕಾರದ ಗುಟ್ಟೆಲ್ಲ ನಮ್ಮನೇಲಿ ಮೆಣಸಿನಗಿಡ ಆಗಿದೆ ಕಣ್ರೀ. ಖಾರ ಮಾತ್ರ ಅಷ್ಟಕ್ಕಷ್ಟೆ."

ಪದ್ಧತಿಗೆ ಇನ್ನೊಂದು ಕಟ್ಟು ಇದೆ. ಅದು ಸಂಪಾದಕರದು. ಕಾಗದ ಒಪ್ಪಿಸಿ ಎಂದು ಸರ್ಕಾರದ ನೋಟಿಸು ಬರುವ ಮುಂಚೆ ಏನು ಬೇಕಾದರೂ ಬಕೆಟ್ಟಿಗೆ ಹೋಗಬಹುದು. ನೋಟಿಸು ಬಂದ ಕ್ಷಣದಿಂದ ಒಂದು ಚೂರೂ ಹರಿಯಬಾರದು, ಒಂದು ಸುಳ್ಳೂ ಹೇಳಬಾರದು. ಎರಡು ವರ್ಷದ ಹಿಂದೆ ಟೈಪಕ್ಕ ಸಿಕ್ಕಿಕೊಂಡದ್ದು ಈ ಎರಡರ ನಡುವೆ.

ಆ ಸಲ ಬಂದದ್ದು ಕುಡಿಯುವ ನೀರಿನ ಟ್ಯಾಂಕುಗಳ ಪರೀಕ್ಷಾ ವರದಿ. ನಲವತ್ತೊಂದು ಟ್ಯಾಂಕು, ಪ್ರತಿಯೊಂದರಲ್ಲೂ ಸೀಸದ ಅಂಶ ಎಷ್ಟು ಎಂಬ ಪಟ್ಟಿ. ಆ ವರದಿಯ ಪ್ರಕಾರ ಮಿತಿ ಐದು. ಒಂಬತ್ತು ಟ್ಯಾಂಕುಗಳಲ್ಲಿ ಅದು ಮೀರಿತ್ತು, ವರದಿ ಏಳು ತಿಂಗಳಿಂದ ಬೀರುವಿನಲ್ಲಿತ್ತು. ಹದಿನೇಳನೇ ಪುಟದಲ್ಲಿ ಒಂದು ಟ್ಯಾಂಕಿನ ಅಂಕಿ ಮಸುಕಾಗಿತ್ತು. ಮೂರೋ, ಎಂಟೋ ಎಂದು ಹೇಳಲಾಗುತ್ತಿರಲಿಲ್ಲ. ಮೂರಾದರೆ ನೀರು ಕುಡಿಯಬಹುದು, ಎಂಟಾದರೆ ಕುಡಿಯಬಾರದು.

"ಭೂತಗನ್ನಡಿ ಹಿಡಿದೆ, ತಲೆಕೆಳಗು ಮಾಡಿ ನೋಡಿದೆ. ಊಹೂಂ. ಆ ಟ್ಯಾಂಕಿನ ನೀರು ಕುಡಿಯೋರು ಎಷ್ಟು ಮನೆಯೋರು ಇರ್ತಾರೆ ಹೇಳಿ. ಎಂಟು ಅಂತ ಹಾಕಿ ಸುಮ್ಮನೆ ಹೆದರಿಸೋದಾ? ಮೂರು ಅಂತ ಹಾಕಿ ವಿಷ ಕುಡಿಸೋದಾ? ಅದೊಂದು ಸಾಲು ಬಿಟ್ಟುಬಿಡಿ ಅಂದೆ."

ಪತ್ರಿಕೆ ನಲವತ್ತು ಟ್ಯಾಂಕುಗಳ ಪಟ್ಟಿ ಪ್ರಕಟಿಸಿತು. ಉಳಿದ ಒಂದನ್ನು ತಿಳಿಯಲು ಆ ಟ್ಯಾಂಕಿನ ನೀರನ್ನು ಖಾಸಗಿ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಫಲಿತಾಂಶ ಬಂದ ಮೇಲೆ ಹಾಳೆಯ ಜೊತೆ ತಾಳೆ ನೋಡೋಣವೆಂದು ಟೈಪಕ್ಕ ಹದಿನೇಳನೇ ಪುಟವನ್ನು ಬಕೆಟ್ಟಿಗೆ ಹಾಕದೆ ಡ್ರಾಯರಿನಲ್ಲಿಟ್ಟರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಮೂರನೇ ದಿನ ನೋಟಿಸು ಬಂತು: ಮೂಲ ಕಾಗದದಲ್ಲಿ ಏನೇ ಉಳಿದಿದ್ದರೂ ಹನ್ನೊಂದು ದಿನದೊಳಗೆ ಒಪ್ಪಿಸಬೇಕು, ತಪ್ಪಿದರೆ ಪ್ರಕಾಶಕರ ಮೇಲೂ ಕಾಗದ ಇಟ್ಟುಕೊಂಡವರ ಮೇಲೂ ಮೊಕದ್ದಮೆ, ಮೂರು ವರ್ಷದವರೆಗೆ ಸೆರೆ.

ಆ ಪುಟದ ಎಡ ಅಂಚಿನಲ್ಲಿ ಮೂರು ಚುಕ್ಕೆ ಇದ್ದವು, ಒಂಬತ್ತೂವರೆ ಸೆಂಟಿಮೀಟರಿಗೊಂದು. ಯಾವ ಯಂತ್ರವೆಂದು ಹುಡುಕಲು ಇಲಾಖೆಗೆ ಅರ್ಧ ದಿನ ಸಾಕು. ಆ ಯಂತ್ರದ ಕೋಣೆಯ ಬೀಗದ ಕೈ ಎಷ್ಟು ಜನರ ಬಳಿ ಇರುತ್ತದೆ? ಇಬ್ಬರೋ, ಮೂವರೋ.

ಅಂದು ಸಂಜೆ ಮನೆಯಲ್ಲಿ ವಿಷಯ ತಿಳಿದಾಗ ಗಂಡ, ನಿವೃತ್ತ ಬಸ್ ಚಾಲಕರು, ಸುಮ್ಮನೆ ಕೇಳಿದರಂತೆ: "ಮೂರು ನಿಮಿಷದ ಕೆಲಸ ಅಲ್ವೇನೇ? ನೀರಿಗೆ ಹಾಕಿದ್ರೆ ಮುಗೀತಿತ್ತು. ಏನೂ ಉಳಿದಿಲ್ಲ ಅಂದ್ರೆ ಯಾರು ಕೇಳ್ತಿದ್ರು?"

"ನೋಟಿಸು ಮೇಜಿನ ಮೇಲಿತ್ತು ಕಣ್ರೀ."

"ಮೇಜಿಗೆ ಬಾಯಿ ಇದೆಯಾ?"

"ನನಗಿದೆಯಲ್ಲ. ನಾಳೆ ಕೋರ್ಟಲ್ಲಿ ಕೇಳಿದ್ರೆ ಸುಳ್ಳು ಹೇಳಬೇಕು. ನಮ್ಮ ಪೇಪರ್‌ನೋರೇ ಸುಳ್ಳು ಹೇಳಿದ್ರು ಅಂತಾದ್ರೆ, ಆ ನೀರಿನ ಪಟ್ಟೀನ ಯಾರು ನಂಬ್ತಾರೆ?"

ಗಂಡ ಮರುದಿನ ಒಂದು ಕೈಚೀಲ ತಂದು ಸ್ವೆಟರು, ರಕ್ತದೊತ್ತಡದ ಮಾತ್ರೆ, ಇನ್ನೊಂದು ಜೊತೆ ಕನ್ನಡಕ ಹಾಕಿ ಬಾಗಿಲ ಪಕ್ಕ ಇಟ್ಟರು. ಹನ್ನೊಂದು ದಿನ ಅದು ಅಲ್ಲೇ ಇತ್ತು. ಅತ್ತೆ ಅದನ್ನು ದಾಟುವಾಗೆಲ್ಲ, "ಜೈಲಲ್ಲಿ ಚಹಾ ನೀರಾಗಿರತ್ತಂತೆ. ಈಗಿಂದಲೇ ನಿನ್ನ ಕೈಯಿಂದ ಮಾಡಿದ್ದನ್ನೇ ಕುಡಿದು ಅಭ್ಯಾಸ ಮಾಡ್ಕೊ" ಎಂದು ಸೊಸೆಯನ್ನು ಕೆಣಕುತ್ತಿದ್ದರು.

ಕಚೇರಿಯಲ್ಲಿ ನಗುವಷ್ಟು ಬಿಡುವಿರಲಿಲ್ಲ. ಒಂದೇ ವಾರದಲ್ಲಿ ಐದು ಇಲಾಖೆಯವರು ತಪಾಸಣೆಗೆ ಬಂದರು. ಬೆಂಕಿ ಆರಿಸುವ ಸಿಲಿಂಡರು, ಲಿಫ್ಟು, ಕಟ್ಟಡದ ನಕ್ಷೆ, ಶೌಚಾಲಯದ ಕಿಟಕಿಯ ಅಗಲ ಎಲ್ಲವನ್ನೂ ಅಳೆದರು. "ಚರಂಡಿಯೋರೂ ಬಂದಿದ್ರು. ಹದಿನೈದು ವರ್ಷದಿಂದ ಕಟ್ಕೊಂಡಿತ್ತು, ಅವರೇ ಬಿಡಿಸಿ ಹೋದ್ರು. ಅದೊಂದು ಲಾಭ" ಎಂದು ಟೈಪಕ್ಕ ಈಗ ನಗುತ್ತಾರೆ. ಪ್ರಕಾಶಕರ ಪಾಸ್‌ಪೋರ್ಟ್ ಜಪ್ತಿಯಾಯಿತು. ನಾಲ್ಕು ಸಲ ವಿಚಾರಣೆಗೆ ಕರೆದು ಐದೈದು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಎಪ್ಪತ್ತು ದಾಟಿದ ಆ ಮನುಷ್ಯ ಮೊದಲ ದಿನವೇ ಟೈಪಕ್ಕನ ಕೋಣೆಗೆ ಬಂದು, "ನೋಡಮ್ಮ, ನಾಳೆ ನಾಳಿದ್ದು ನಾನು ಹೆದರಿ ಕೊಟ್ಟುಬಿಡು ಅಂದ್ರೂ ನೀನು ಕೊಡಬೇಡ. ಇವತ್ತು ಹೇಳ್ತಿರೋದೇ ನನ್ನ ಮಾತು" ಎಂದಿದ್ದರು.

"ಒಂಬತ್ತನೇ ದಿನ ಬಂದು ಬಾಗಿಲಲ್ಲಿ ನಿಂತ್ರು. ಮುಖ ನೋಡಿದ್ರೇ ಗೊತ್ತಾಗ್ತಿತ್ತು, ಏನು ಹೇಳೋಕೆ ಬಂದಿದ್ದಾರೆ ಅಂತ. ನಾನು ತಲೆ ಎತ್ತದೆ ಟೈಪ್ ಮಾಡ್ತಾನೇ ಇದ್ದೆ. ಮೇಲೆ ನೋಡಿ, 'ಈ ಫ್ಯಾನು ಶಬ್ದ ಮಾಡ್ತಿದೆ, ಎಣ್ಣೆ ಬಿಡಿಸ್ತೀನಿ' ಅಂದು ಹೋದ್ರು. ಬಿಡಿಸಿದ್ರು ಕೂಡ."

ಟೈಪಕ್ಕನನ್ನೂ ಒಂದು ದಿನ ಕರೆಸಿದ್ದರು. ಅಧಿಕಾರಿ ಮೃದುವಾಗಿಯೇ, "ಒಂದು ಹಾಳೆಗೋಸ್ಕರ ಯಾಕಮ್ಮ ಈ ವಯಸ್ಸಲ್ಲಿ? ಕೊಟ್ಟು ಆರಾಮಾಗಿ ಮನೆಗೆ ಹೋಗಿ" ಎಂದರಂತೆ. "ಮನೆಗೆ ದಾರಿ ಗೊತ್ತಿದೆ ಸಾರ್. ಹಾಳೆ ಇದೆ, ಇಲ್ಲ ಅನ್ನಲ್ಲ. ಕೊಡಲ್ಲ" ಎಂದಿದ್ದಾರೆ ಇವರು.

ಅಷ್ಟರಲ್ಲಿ ಪತ್ರಿಕೆ ನ್ಯಾಯಾಲಯಕ್ಕೆ ಹೋಗಿತ್ತು. ಹನ್ನೊಂದನೇ ದಿನ ನ್ಯಾಯಾಧೀಶರು, ತೀರ್ಪು ಆಗುವವರೆಗೆ ಪುಟ ಮುಚ್ಚಿದ ಲಕೋಟೆಯಲ್ಲಿ ತಮ್ಮ ತಿಜೋರಿಯಲ್ಲಿರಲಿ ಎಂದರು. ಟೈಪಕ್ಕ ಅಂಟಿನ ಮೇಲೆ ಅಡ್ಡಡ್ಡಲಾಗಿ ಐದು ಕಡೆ ಸಹಿ ಮಾಡಿ ಕೊಟ್ಟು ಬಂದರು. ಆಮೇಲಿನ ಇಪ್ಪತ್ತೆರಡು ತಿಂಗಳು, ತೀರ್ಪು ತಿರುಗಿಬಿದ್ದರೆ ಲಕೋಟೆ ನೇರ ಇಲಾಖೆಯ ಕೈಗೆ ಎಂಬುದನ್ನು ಬಲ್ಲ ಟೈಪಕ್ಕ ತೂಕದಲ್ಲಿ ಆರು ಕಿಲೋ ಇಳಿದರು. ಕೈಚೀಲವನ್ನು ಗಂಡ ಅಟ್ಟಕ್ಕೆ ಹಾಕಿದ್ದರೂ ಮಾತ್ರೆಗಳನ್ನು ಮಾತ್ರ ಅವಧಿ ಮುಗಿದಂತೆಲ್ಲ ಬದಲಿಸುತ್ತಿದ್ದರು.

ಟೈಪಕ್ಕ ಸಾಕ್ಷಿಕಟ್ಟೆಯಲ್ಲಿ ನಿಂತಾಗ ಸರ್ಕಾರದ ವಕೀಲರು ಪತ್ರಿಕೆ ಹೊಣೆಗೇಡಿ, ಜನರನ್ನು ಗಾಬರಿಪಡಿಸಿದೆ ಎಂದು ವಾದಿಸಿ, ಅಷ್ಟೂ ಪುಟ ಬಿಟ್ಟು ಇದೊಂದನ್ನೇ ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದರು. ಏನೋ ಒಳಸಂಚು ಹೊರಬೀಳುತ್ತದೆಂದು ಅವರ ಲೆಕ್ಕ. "ಒಂದು ಅಂಕಿ ಸರಿಯಾಗಿ ಕಾಣ್ತಿರಲಿಲ್ಲ ಸ್ವಾಮಿ" ಎಂದರು ಟೈಪಕ್ಕ. ಮೂರು, ಎಂಟರ ಕಥೆ ಹೇಳಿದರು. ಪ್ರಯೋಗಾಲಯದ ಫಲಿತಾಂಶ ಅಷ್ಟು ಹೊತ್ತಿಗೆ ಬಂದಾಗಿತ್ತು. ಮೂರೇ. ನೀರು ಚೆನ್ನಾಗಿತ್ತು.

ಕಳೆದ ತಿಂಗಳು ಹೊರಬಿದ್ದ ತೀರ್ಪಿನಲ್ಲಿ ಟೈಪಕ್ಕನ ಕೆಲಸದ ವಿವರವೇ ಹತ್ತು ಪುಟ ಇದೆ. ಒಂದು ಅಂಕಿಯ ಅನುಮಾನಕ್ಕೆ ಒಂದು ಸಾಲನ್ನೇ ತಡೆಹಿಡಿದವರನ್ನು ಹೊಣೆಗೇಡಿ ಎನ್ನಲಾಗದು, ಜನ ತಿಳಿಯಬೇಕಾದದ್ದನ್ನು ತಂದುಕೊಟ್ಟವರ ಗುರುತನ್ನು ಪತ್ರಿಕೆ ಬಿಟ್ಟುಕೊಡಬೇಕಿಲ್ಲ ಎಂದು ಅದು ಹೇಳುತ್ತದೆ. ಪಾಸ್‌ಪೋರ್ಟ್ ಪ್ರಕಾಶಕರಿಗೆ ಮರಳಿದೆ. ಲಕೋಟೆಯೂ ಮರಳಿತು, ಐದೂ ಸಹಿ ಮುರಿಯದೆ. ವಕೀಲರ ಒಪ್ಪಿಗೆ ಪಡೆದು ಅದೇ ಸಂಜೆ ಹದಿನೇಳನೇ ಪುಟ ನೀರಿಗೆ ಬಿತ್ತು. ಒಂಬತ್ತು ಟ್ಯಾಂಕುಗಳಲ್ಲಿ ಏಳಕ್ಕೆ ಹೊಸ ಕೊಳವೆ ಬಂದಿದೆ, ಎರಡಕ್ಕೆ ಕೆಲಸ ನಡೆಯುತ್ತಿದೆ.

ಇನ್ನು ಎಂಟು ತಿಂಗಳಿಗೆ ಟೈಪಕ್ಕನ ನಿವೃತ್ತಿ. ಕರಡು ತಿದ್ದುವ ವಿಭಾಗದ ಹೆಂಗಸೊಬ್ಬರಿಗೆ ಅಳತೆಪಟ್ಟಿ ಹಿಡಿಯಲು ಕಲಿಸುತ್ತಿದ್ದಾರೆ. ಸಭೆ, ಶಾಲು ಏನೂ ಬೇಡವೆಂದು ಈಗಲೇ ಸಂಪಾದಕರಿಗೆ ಹೇಳಿಟ್ಟಿದ್ದಾರೆ. ಆ ವರದಿ ಕೊಟ್ಟವರು ಯಾರೆಂದು ತಿಳಿಯುವ ಆಸೆ ಇಲ್ಲವೇ ಎಂದರೆ ತಲೆ ಅಲ್ಲಾಡಿಸುತ್ತಾರೆ.

"ಬೇಡಪ್ಪ. ಗೊತ್ತಾದ್ರೆ ಎಲ್ಲಾದ್ರೂ ಕಂಡಾಗ ಮುಖದಲ್ಲಿ ತೋರಿಸಿಕೊಂಡುಬಿಡ್ತೀನಿ. ಎಲ್ಲೋ ಒಬ್ರು ಇವತ್ತೂ ಊಟದ ಡಬ್ಬಿ ಹಿಡ್ಕೊಂಡು ಹೊತ್ತಿಗೆ ಸರಿಯಾಗಿ ಆಫೀಸಿಗೆ ಹೋಗಿರ್ತಾರೆ. ಫ್ಯಾನು ಯಾರ ಕಡೆ ತಿರುಗಬೇಕು ಅಂತ ಪಕ್ಕದವರ ಜೊತೆ ಜಗಳ ಆಡಿರ್ತಾರೆ. ಅಷ್ಟು ಸಾಕು ನನಗೆ."

ಮನೆಗೆ ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತ ಗಂಡನಿಗೆ ಇದು ಪೂರ್ತಿ ನಿಜವಲ್ಲವೆಂದು ಗೊತ್ತು. "ಬಸ್ಸಲ್ಲಿ ನೋಡಬೇಕು ಇವಳನ್ನ. ಡಬ್ಬಿ, ಫೈಲು ಹಿಡಿದೋರು ಯಾರು ಹತ್ತಿದ್ರೂ ಎದ್ದು ಸೀಟು ಬಿಟ್ಕೊಡ್ತಾಳೆ. ಮೊಣಕಾಲು ನೋವು ಇವಳಿಗೆ, ಕೂರೋರು ಇಪ್ಪತ್ತೈದು ವರ್ಷದೋರು."

ಟೈಪಕ್ಕ ಸೆರಗು ಸರಿಮಾಡಿಕೊಂಡು ಮುಂದಿನ ಹಾಳೆಗೆ ಕೈ ಹಾಕುತ್ತಾರೆ. "ಆ ಒಬ್ರು ಅವರೇ ಇದ್ದರೂ ಇರಬಹುದು ಅಲ್ವಾ?"